ಗೋಡೆಯ ಹಲಗೆ, ಕಬ್ಬಿಣದ ಪೆಟ್ಟಿಗೆ, ಬಣ್ಣದ ಬಕೆಟ್: ಬಾಡಿಗೆ ಮನೆಯಲ್ಲಿ ಸಲಕರಣೆಗಳಿಗೆ ಜಾಗ

ನನ್ನ ಸುತ್ತಿಗೆ, ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್‌ಗಳೆಲ್ಲ ಈಗ 20 ಲೀಟರಿನ ಹಳೆಯ ಬಣ್ಣದ ಬಕೆಟ್ಟೊಂದರಲ್ಲಿವೆ. ಅಲ್ಲಿಗೆ ಬರುವ ಮೊದಲು ಅವು ಆರು ತಿಂಗಳು ಅಟ್ಟದ ಮೇಲಿದ್ದವು, ಸುಮಾರು ಒಂದು ವರ್ಷ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು, ಅನಂತರ ಹನ್ನೊಂದು ತಿಂಗಳು ಗೋಡೆಯ ಮೇಲಿನ ಪೆಗ್‌ಬೋರ್ಡಿನಲ್ಲಿ ನೇತಾಡಿದವು. ಕೊನೆಯ ವ್ಯವಸ್ಥೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹಣ ಕೊಟ್ಟೆ, ಎಲ್ಲಕ್ಕಿಂತ ಹೆಚ್ಚು ಬೈದುಕೊಂಡದ್ದೂ ಅದನ್ನೇ. ಆದ್ದರಿಂದ ಇದು ಪಕ್ಷಪಾತವಿಲ್ಲದ ಹೋಲಿಕೆ ಎಂದು ನಾನು ಹೇಳಿಕೊಳ್ಳುವುದಿಲ್ಲ.

ಮನೆಯ ಅಳತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಒಂದು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ ಮತ್ತು ಅದಕ್ಕೆ ಅಂಟಿಕೊಂಡಂತೆ ವಾಷಿಂಗ್ ಮಷಿನ್ ಇಟ್ಟರೆ ಒಬ್ಬರು ಮಾತ್ರ ನಿಲ್ಲಬಹುದಾದ ಯುಟಿಲಿಟಿ. ಕಾರ್ ಷೆಡ್ಡಿಲ್ಲ, ಉಗ್ರಾಣವಿಲ್ಲ. ನನ್ನದು ವೃತ್ತಿಯ ಕೆಲಸವಲ್ಲ. ನಲ್ಲಿಯ ವಾಷರ್ ಬದಲಿಸುವುದು, ಬಾಗಿಲಿನ ಚಿಲಕ ಸರಿಪಡಿಸುವುದು, ಮಿಕ್ಸಿಯ ವೈರು ಹಾಕುವುದು, ಮೂರು ತಿಂಗಳಿಗೊಮ್ಮೆ ಸೈಕಲ್ಲಿನ ಸೇವೆ, ಇಷ್ಟೇ. ಎಲ್ಲ ಸೇರಿ ನಲವತ್ತು ಸಾಮಾನುಗಳಿರಬಹುದು, ಅವುಗಳಲ್ಲಿ ವಾರಕ್ಕೊಮ್ಮೆಯಾದರೂ ಕೈಗೆ ಬೇಕಾಗುವವು ಎಂಟೋ ಹತ್ತೋ.

ಅಟ್ಟದ ವಿಷಯವನ್ನು ಬೇಗ ಮುಗಿಸುತ್ತೇನೆ. ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಬಾಗಿಲಿನ ಮೇಲೆ ಏಳು ಅಡಿ ಎತ್ತರದಲ್ಲಿ ಹಾಕಿರುವ ಕಾಂಕ್ರೀಟ್ ಅಟ್ಟ ವರ್ಷಕ್ಕೊಮ್ಮೆ ಇಳಿಸುವ ದಸರಾ ಗೊಂಬೆಗಳಿಗೆ ಮತ್ತು ನೆಂಟರು ಬಂದಾಗ ಬೇಕಾಗುವ ಹಾಸಿಗೆಗೆ ಸರಿಯಾದ ಸ್ಥಳವೇ ಹೊರತು ಟೆಸ್ಟರ್‌ಗೆ ಅಲ್ಲ. ಒಂದು ಸ್ಕ್ರೂ ಬಿಗಿಮಾಡಲು ಸ್ಟೂಲ್ ತಂದು, ಹತ್ತಿ, ಧೂಳು ಕೊಡವಿ, ಚೀಲ ಇಳಿಸಬೇಕೆಂದಾಗ ಆ ಸ್ಕ್ರೂ ಎರಡು ವಾರ ಸಡಿಲವಾಗಿಯೇ ಉಳಿಯುತ್ತದೆ. ಕೊನೆಗೆ ಅಡುಗೆಮನೆಯ ಚಾಕುವಿನ ತುದಿಯಿಂದ ತಿರುಗಿಸಿ, ಚಾಕುವಿನ ತುದಿಯೂ ಸ್ಕ್ರೂವಿನ ತಲೆಯೂ ಹಾಳಾಗುತ್ತವೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ಮೇಲಿನ ಮಹಡಿಯಲ್ಲಿ ಮನೆಯಿದ್ದರೆ ಏಪ್ರಿಲ್ ತಿಂಗಳಲ್ಲಿ ತಾರಸಿ ಹೀರಿಕೊಂಡ ಬಿಸಿ ರಾತ್ರಿಯವರೆಗೂ ಅಟ್ಟದ ಕಡೆಗೆ ಇಳಿಯುತ್ತಲೇ ಇರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ ಬೇಗ ಮುದಿಯಾಗುವುದರಿಂದ, ವೈರಿಲ್ಲದ ಡ್ರಿಲ್ ಮಷಿನ್ನಿನ ಬ್ಯಾಟರಿಯನ್ನಂತೂ ಅಲ್ಲಿ ಇಡಲೇಬಾರದು.

ಐದು ತಟ್ಟೆಗಳ ಕಬ್ಬಿಣದ ಪೆಟ್ಟಿಗೆಯನ್ನು 1,450 ರೂಪಾಯಿ ಕೊಟ್ಟು ಎಸ್.ಪಿ. ರಸ್ತೆಯಲ್ಲಿ ಕೊಂಡೆ. ಮುಚ್ಚಳ ತೆರೆದರೆ ತಟ್ಟೆಗಳು ಮೆಟ್ಟಿಲುಗಳಂತೆ ಎರಡೂ ಕಡೆಗೆ ಬಿಚ್ಚಿಕೊಳ್ಳುತ್ತವೆ, ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ, ಗಟ್ಟಿತನದ ಬಗ್ಗೆ ಎರಡು ಮಾತಿಲ್ಲ. ಆದರೆ ಎರಡೂ ಕಡೆಗೆ ಬಿಚ್ಚಿಕೊಳ್ಳಲು ಎರಡೂ ಕಡೆ ಜಾಗ ಬೇಕು ಎಂಬುದನ್ನು ಅಂಗಡಿಯ ವಿಶಾಲವಾದ ಮೇಜಿನ ಮುಂದೆ ನಿಂತಾಗ ನಾನು ಯೋಚಿಸಿರಲಿಲ್ಲ. ಪೆಟ್ಟಿಗೆಗೆ ನಾನು ಗೊತ್ತುಮಾಡಿದ್ದ ಜಾಗ ಮಂಚದ ಕೆಳಗೆ. ಅಲ್ಲಿ ಅದು ತೆರೆಯುವುದಿಲ್ಲ. ಪ್ರತಿ ಸಲವೂ ಮಂಡಿಯೂರಿ ಹೊರಗೆಳೆಯಬೇಕು, ತುಂಬಿದ ಪೆಟ್ಟಿಗೆ ಒಂದು ಸಣ್ಣ ಅಕ್ಕಿ ಮೂಟೆಯಷ್ಟು ಭಾರ, ಎಳೆದಾಗಲೆಲ್ಲ ವಿಟ್ರಿಫೈಡ್ ಟೈಲ್ಸಿನ ಮೇಲೆ ಕರಕರ ಎನ್ನುತ್ತದೆ. ತಳಕ್ಕೆ ಹಳೆಯ ಕಾರ್ಪೆಟ್ಟಿನ ತುಂಡನ್ನು ಅಂಟಿಸಿದ ಮೇಲೆ ಸದ್ದು ನಿಂತಿತು, ಭಾರ ನಿಲ್ಲಲಿಲ್ಲ. ಸ್ವಂತ ಕಾರ್ ಷೆಡ್ಡಿದ್ದು, ಪೆಟ್ಟಿಗೆಯನ್ನು ಒಂದು ಬೆಂಚಿನ ಮೇಲೆ ತೆರೆದಿಡಬಲ್ಲವರಿಗೆ ಇದು ಒಳ್ಳೆಯ ವಸ್ತು. ನನ್ನದನ್ನು ತಮ್ಮನಿಗೆ ಕೊಟ್ಟಿದ್ದೇನೆ, ಅವನಿಗೆ ಷೆಡ್ಡಿದೆ.

ಇನ್ನು ಪೆಗ್‌ಬೋರ್ಡ್. ಸಾಲುಸಾಲಾಗಿ ತೂತುಗಳಿರುವ ಲೋಹದ ಹಲಗೆ, ತೂತುಗಳಿಗೆ ಸಿಕ್ಕಿಸುವ ಕೊಕ್ಕೆಗಳು, ಕೊಕ್ಕೆಗಳಲ್ಲಿ ಸಲಕರಣೆಗಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಥ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದನ್ನು ನೋಡಿದ್ದೆ. ಯಾವುದು ಮರಳಿ ಬಂದಿಲ್ಲವೆಂದು ಖಾಲಿ ನೆರಳೇ ತೋರಿಸುತ್ತಿತ್ತು. ಆ ಅಚ್ಚುಕಟ್ಟು ನನ್ನ ಯುಟಿಲಿಟಿಗೂ ಬರಲಿ ಎಂದು ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಹಲಗೆಯನ್ನು ಇಪ್ಪತ್ತು ಕೊಕ್ಕೆಗಳ ಸಮೇತ 2,600 ರೂಪಾಯಿಗೆ ತರಿಸಿದೆ. ನೆಲದ ಮೇಲೆ ಒಂದಂಗುಲವನ್ನೂ ಬಳಸದೆ ಎಲ್ಲವನ್ನೂ ಇಡಬಹುದೆಂಬ ಲೆಕ್ಕ ಸರಿಯಾಗಿಯೇ ಇತ್ತು, ಮೊದಲ ದಿನದ ಫೋಟೋ ತುಂಬಾ ಚೆನ್ನಾಗಿಯೂ ಇತ್ತು.

ಎರಡನೆಯ ದಿನ ಕಟಿಂಗ್ ಪ್ಲೇಯರ್ ತೆಗೆದಾಗ ಅದರ ಜೊತೆಗೆ ಕೊಕ್ಕೆಯೂ ಕಳಚಿ ಬಂತು. ನಾನೇ ಸರಿಯಾಗಿ ಸಿಕ್ಕಿಸಿಲ್ಲವೆಂದುಕೊಂಡು ಮತ್ತೆ ಸಿಕ್ಕಿಸಿದೆ. ಮೂರನೆಯ ದಿನ ಟೆಸ್ಟರ್ ತೆಗೆದಾಗ ಕೊಕ್ಕೆ ಬಂತು, ಕೆಳಗೆ ಬಿತ್ತು, ವಾಷಿಂಗ್ ಮಷಿನ್ನಿನ ಹಿಂದೆ ಹೋಯಿತು. ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ನನ್ನು ಅಲುಗಿಸುವುದೆಂದರೆ ಮೊದಲು ನೀರಿನ ಪೈಪು ಬಿಚ್ಚಬೇಕು, ಅದನ್ನು ಬಿಚ್ಚಲು ಬೇಕಾದ ಸ್ಪ್ಯಾನರ್ ಹಲಗೆಯ ಮೇಲಿದೆ, ಅದನ್ನು ತೆಗೆದರೆ ಅದರ ಕೊಕ್ಕೆಯೂ ಬೀಳುತ್ತದೆ. ಒಂದು ತಿಂಗಳೊಳಗೆ ನಾನು ಯಾವ ಸಾಮಾನನ್ನು ತೆಗೆದರೂ ಒಂದು ಕೈಯಿಂದ ಕೊಕ್ಕೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸಾಮಾನನ್ನು ಮೆಲ್ಲಗೆ ಬಿಡಿಸುವ ಅಭ್ಯಾಸ ಮಾಡಿಕೊಂಡಿದ್ದೆ. ಬಲ್ಬ್ ಹಾಕಲು ಸ್ಟೂಲಿನ ಮೇಲೆ ನಿಂತವರಿಗೆ ಟೆಸ್ಟರ್ ಕೊಡಬೇಕಾದಾಗ ಈ ನಯನಾಜೂಕು ಎಷ್ಟು ಸಿಟ್ಟು ತರಿಸುತ್ತದೆಂಬುದನ್ನು ನನ್ನ ಹೆಂಡತಿಯನ್ನೇ ಕೇಳಬೇಕು.

ತಪ್ಪು ನನ್ನದಲ್ಲ, ಕೊಕ್ಕೆಯ ರಚನೆಯದು ಎಂದು ನಿಧಾನವಾಗಿ ಅರ್ಥವಾಯಿತು. ಕೊಕ್ಕೆಯ ಮೇಲಿನ ತುದಿ ತೂತಿನೊಳಗೆ ಹೋಗಿ ಹಲಗೆಯ ಹಿಂದೆ ಮೇಲ್ಮುಖವಾಗಿ ಬಾಗಿರುತ್ತದೆ, ಕೆಳಗಿನ ತುದಿ ಕೆಳಗಿನ ತೂತಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ನೇತುಹಾಕಿದ ವಸ್ತುವಿನ ಭಾರ ಮಾತ್ರ. ಕೊಕ್ಕೆಯನ್ನು ಬಿಡಿಸಲು ಅದರ ಹೊರತುದಿಯನ್ನು ಮೇಲಕ್ಕೆ ಎತ್ತಬೇಕು. ಸಲಕರಣೆಯನ್ನು ತೆಗೆಯಲು ನಾವು ಮಾಡುವುದೂ ಅದನ್ನೇ, ಮೇಲಕ್ಕೆ ಎತ್ತಿ ಮುಂದಕ್ಕೆ ಎಳೆಯುವುದು. ಹೀಗೆ ವಸ್ತುವನ್ನು ಬಿಡಿಸುವ ಚಲನೆಯೂ ಕೊಕ್ಕೆಯನ್ನು ಬಿಡಿಸುವ ಚಲನೆಯೂ ಒಂದೇ ಆಗಿರುವಾಗ, ಹಗುರವಾದ ವಸ್ತುಗಳಲ್ಲಿಯೇ, ಅಂದರೆ ದಿನವೂ ಬೇಕಾಗುವ ವಸ್ತುಗಳಲ್ಲಿಯೇ ತೊಂದರೆ ಹೆಚ್ಚು. ಭಾರದ ಪೈಪ್ ರೆಂಚಿನ ಕೊಕ್ಕೆ ಒಮ್ಮೆಯೂ ಕಳಚಲಿಲ್ಲ. ಅದನ್ನು ನಾನು ತೆಗೆದದ್ದು ವರ್ಷದಲ್ಲಿ ಎರಡು ಸಲ.

ಪರಿಹಾರಗಳನ್ನೂ ಪ್ರಯತ್ನಿಸಿದೆ. ಪ್ಲಾಸ್ಟಿಕ್ ಟ್ಯಾಗಿನಿಂದ ಪಕ್ಕದ ತೂತಿಗೆ ಬಿಗಿದರೆ ಕೊಕ್ಕೆ ಕಳಚುವುದಿಲ್ಲ, ಆದರೆ ಅಲುಗಾಡುತ್ತದೆ. ಬಿಸಿ ಅಂಟು ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಬೇಕಾದಂತೆ ಜಾಗ ಬದಲಿಸಬಹುದೆಂಬ ಕಾರಣಕ್ಕೆ ಕೊಟ್ಟ 2,600 ರೂಪಾಯಿ ವ್ಯರ್ಥವಾಗುತ್ತದೆ. ಅಂಟಿಸಿದ ಕೊಕ್ಕೆಗಳೇ ಸಾಕೆಂದಿದ್ದರೆ ಒಂದು ಪ್ಲೈವುಡ್ ತುಂಡಿಗೆ ಮೊಳೆ ಹೊಡೆದಿದ್ದರೂ ಆಗುತ್ತಿತ್ತು. ಸ್ಕ್ರೂ ಹಾಕಿ ಬಿಗಿಯುವ ಕೊಕ್ಕೆಗಳು ಸಿಗುತ್ತವೆ, ಅವು ಈ ರೋಗಕ್ಕೆ ನಿಜವಾದ ಮದ್ದು, ಆದರೆ ನನ್ನ ಹಲಗೆಯ ತೂತಿನ ಅಳತೆಗೆ ಅವು ಹೊಂದಲಿಲ್ಲ.

ಹಲಗೆಯ ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ನನ್ನದೂ ಹಾಗೆಯೇ ಮುಗಿಯಿತು, ಮಾಲೀಕರು ನವೀಕರಿಸಲಿಲ್ಲ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣ ಹೊಡೆಸಲೆಂದು ಮುಂಗಡದಿಂದ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ನನ್ನ ಮಾಲೀಕರು ಅದರ ಮೇಲೆ, ಹಲಗೆಗಾಗಿ ಗೋಡೆಯಲ್ಲಿ ಕೊರೆದಿದ್ದ ಆರು ತೂತುಗಳಿಗೆ ಪ್ರತ್ಯೇಕವಾಗಿ 1,200 ರೂಪಾಯಿ ಹಿಡಿದುಕೊಂಡರು. ತೂತುಗಳಿಗೆ ವಾಲ್ ಪುಟ್ಟಿ ತುಂಬಿ, ಮರಳುಕಾಗದ ಉಜ್ಜಿ ನಾನೇ ಸರಿಮಾಡಿದ್ದೆ ಎಂಬ ವಾದ ನಡೆಯಲಿಲ್ಲ. ಹೊಸ ಮನೆಯ ಯುಟಿಲಿಟಿ ಗೋಡೆ ಪೊಳ್ಳು ಬ್ಲಾಕಿನದು. ಅದರಲ್ಲಿ ಸ್ಕ್ರೂ ನಿಲ್ಲಲೆಂದು ತೂತಿಗೆ ತೂರಿಸುವ ಸಾಧಾರಣ ಗಿಟ್ಟಿ ಹಿಡಿಯದೆ ತಿರುಗುತ್ತಲೇ ಇತ್ತು. ಹಲಗೆ ಅಂದಿನಿಂದ ಬೀರುವಿನ ಹಿಂದಿದೆ.

ಬಕೆಟ್ ಬಂದದ್ದು ಹೊಸ ಮನೆಯ ಜೊತೆಗೆ. ನಾವು ಸಾಮಾನು ಇಳಿಸಿದ ದಿನ ಬಣ್ಣದವರು ಮೆಟ್ಟಿಲಿನ ಬಳಿ ಎರಡು ಖಾಲಿ ಬಕೆಟ್ಟುಗಳನ್ನು ಬಿಟ್ಟು ಹೋಗಿದ್ದರು. ಹಿಂದಿನ ಬಾಡಿಗೆದಾರರ ಮುಂಗಡದಲ್ಲಿ ಮುರಿದ ಹಣದಿಂದಲೇ ಆ ಬಣ್ಣ ಬಂದಿರುತ್ತದೆ ಎಂಬ ಅರಿವಿನಿಂದ ಒಂದನ್ನು ನಿಸ್ಸಂಕೋಚವಾಗಿ ಒಳಗೆ ತಂದೆ. ಎಮಲ್ಷನ್ ಬಣ್ಣದ ಬಕೆಟ್ಟಾದರೆ ಒಂದು ರಾತ್ರಿ ನೀರು ತುಂಬಿಟ್ಟು ಮರುದಿನ ತೆಂಗಿನ ನಾರಿನಿಂದ ಉಜ್ಜಿದಾಗ ಒಣಗಿದ ಪದರು ಸಿಪ್ಪೆಯಂತೆ ಎದ್ದು ಬರುತ್ತದೆ. ಎಣ್ಣೆ ಬಣ್ಣದ ಡಬ್ಬಿಯ ತಂಟೆಗೆ ಹೋಗದಿರುವುದು ಒಳ್ಳೆಯದು. ಹಳೆಯ ಜೀನ್ಸ್ ಪ್ಯಾಂಟುಗಳೆರಡನ್ನು ಬ್ಯಾಗ್ ಹೊಲಿಯುವವರಿಗೆ ಕೊಟ್ಟು, ಬಕೆಟ್ಟಿನ ಒಳಸುತ್ತಿಗೆ ಹನ್ನೆರಡು ಜೇಬುಗಳು ಬರುವಂತೆ ಒಂದು ಪಟ್ಟಿಯನ್ನು ಹೊಲಿಸಿದೆ. ಕೂಲಿ 220 ರೂಪಾಯಿ. ಇದರ ಒಟ್ಟು ಖರ್ಚು ಇಷ್ಟೇ.

ಜೇಬುಗಳಲ್ಲಿ ದಿನಬಳಕೆಯ ಹತ್ತು ಸಾಮಾನುಗಳು ಹಿಡಿಕೆ ಮೇಲಾಗಿ ನಿಲ್ಲುತ್ತವೆ, ನಡುವಿನಲ್ಲಿ ಸುತ್ತಿಗೆ, ಪೈಪ್ ರೆಂಚ್, ಹ್ಯಾಕ್ಸಾ. ಉಳಿಯ ಬಾಯಿಗೆ ಹಳೆಯ ನೀರಿನ ಪೈಪಿನ ತುಂಡು. ಹೋಟೆಲಿನ ಪಾರ್ಸೆಲ್ ಡಬ್ಬಿಗಳಲ್ಲಿ ಸ್ಕ್ರೂ, ಮೊಳೆ, ಗಿಟ್ಟಿ, ವಾಷರ್. ಇಡೀ ಮನೆಯಲ್ಲಿ ಅದಕ್ಕೆ ಬೇಕಾದ ಜಾಗ ಒಂದು ಅಡಿ ಚಚ್ಚೌಕ, ಅದೂ ವಾಷ್ ಬೇಸಿನ್ನಿನ ಕೆಳಗೆ, ಬೇರೆ ಯಾವುದಕ್ಕೂ ಉಪಯೋಗವಿಲ್ಲದ ಮೂಲೆಯಲ್ಲಿ. ಬಚ್ಚಲಿನ ನಲ್ಲಿ ಸೋರಿದರೆ ಬಕೆಟ್ಟೇ ಬಚ್ಚಲಿಗೆ ಹೋಗುತ್ತದೆ. ಮುಚ್ಚಳ ಹಾಕಿದರೆ ಅದರ ಮೇಲೆ ಕುಳಿತೇ ಸೈಕಲ್ಲಿನ ಚೈನು ಬಿಚ್ಚಬಹುದು. ಮುಂದಿನ ಮನೆ ಬದಲಾವಣೆಯಲ್ಲಿ ಇದನ್ನು ಪ್ಯಾಕ್ ಮಾಡಲು ಬೇಕಾಗುವ ಸಮಯ ಮುಚ್ಚಳ ಒತ್ತುವಷ್ಟೇ.

ದೋಷಗಳಿಲ್ಲವೆಂದಲ್ಲ. ಎರಡು ಅಡಿಯ ರಸಮಟ್ಟವೂ ಕೈಗರಗಸವೂ ಇದರಲ್ಲಿ ಹಿಡಿಸುವುದಿಲ್ಲ, ಅವು ಹಲಗೆಯ ಜೊತೆಗೆ ಬೀರುವಿನ ಹಿಂದಿವೆ. ಡ್ರಿಲ್ ಮಷಿನ್ ತನ್ನದೇ ಪೆಟ್ಟಿಗೆಯಲ್ಲಿ ಬೇರೆ ಇದೆ. ಮುಚ್ಚಳ ಬಿಗಿಯಾಗಿರುವುದೇ ಒಮ್ಮೆ ತೊಂದರೆಗೂ ಕಾರಣವಾಯಿತು: ಜುಲೈನಲ್ಲಿ ಒದ್ದೆ ರೆಂಚನ್ನು ಒರೆಸದೆ ಹಾಕಿ ಮುಚ್ಚಿದ್ದೆ, ತೇವವೆಲ್ಲ ಜೀನ್ಸ್ ಬಟ್ಟೆಗೆ ಇಳಿದು, ವಾರದ ಅನಂತರ ತೆರೆದಾಗ ಹ್ಯಾಕ್ಸಾ ಬ್ಲೇಡುಗಳಿಗೆಲ್ಲ ಕೆಂಪು ತುಕ್ಕು ಹಿಡಿದಿತ್ತು. ಈಗ ಒರೆಸಿಯೇ ಇಡುತ್ತೇನೆ, ಮಳೆಗಾಲದಲ್ಲಿ ಮುಚ್ಚಳವನ್ನು ಓರೆಯಾಗಿ ಬಿಡುತ್ತೇನೆ. ಮಂಗಳೂರಿನ ಕಡೆಯವರು ಬಟ್ಟೆಯ ಜೇಬುಗಳ ಬದಲು ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಬಳಸುವುದು ಕ್ಷೇಮ.

ಸ್ವಂತ ಗೋಡೆ, ಒಂದೇ ಜಾಗದಲ್ಲಿ ನಿಂತು ಮಾಡುವ ಕೆಲಸ, ಸ್ಕ್ರೂ ಹಾಕಿ ಬಿಗಿಯುವ ಕೊಕ್ಕೆಗಳು, ಈ ಮೂರೂ ಇದ್ದವರು ಪೆಗ್‌ಬೋರ್ಡ್ ಕೊಳ್ಳಬಹುದು. ನನಗೆ ಮೂರೂ ಇಲ್ಲ. ನನ್ನ ಕೆಲಸ ಸಲಕರಣೆಗಳ ಬಳಿಗೆ ಬರುವುದಿಲ್ಲ, ಸಲಕರಣೆಗಳೇ ಕೆಲಸದ ಬಳಿಗೆ ಹೋಗಬೇಕು, ಮತ್ತು ಈಗಿನ ಕರಾರು ಮಾರ್ಚ್ ತಿಂಗಳಿಗೆ ಮುಗಿಯುತ್ತದೆ.