ಸ್ವಾತಿ ಮಳೆ ಮುಗಿಯುವ ಮುಂಚೆ ಹೂ ನೋಡಲು ಎಲ್ಲಿಗೆ? ತುರಹಳ್ಳಿ, ದೇವರಾಯನದುರ್ಗ, ಮುಳ್ಳಯ್ಯನಗಿರಿ, ಹೆಸರಘಟ್ಟ

ಗೌರಿ ಹಬ್ಬದ ಹೊತ್ತಿಗೆ ಕಾಡು ಹೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೇಲಿ ಬೇಲಿಯಲ್ಲೂ ಏನಾದರೊಂದು ಅರಳಿರುತ್ತದೆ. ಹುಡುಕಾಟ ಶುರುವಾಗುವುದು ಹಸ್ತ ಮಳೆ ಕಳೆದ ಮೇಲೆ. ಚಿತ್ತೆ, ಸ್ವಾತಿ, ವಿಶಾಖ ಅಂತ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೂರನೇ ವಾರದವರೆಗಿನ ಈ ದಿನಗಳು ನನಗೆ ವರ್ಷದಲ್ಲೇ ಪ್ರೀತಿಯವು. ದೊಡ್ಡ ಹೂಗಳ ಸರದಿ ಮುಗಿದಿರುತ್ತದೆ. ಮಂಡಿಯೂರಿ ಕೂತರೆ ಮಾತ್ರ ಕಾಣುವ ಸಣ್ಣವು ಆಗ ಬರುತ್ತವೆ.

ಕಳೆದ ವರ್ಷ ಅಮ್ಮ, ಒಂಬತ್ತು ವರ್ಷದ ಮಗಳು ಮತ್ತು ನಾನು ಸೇರಿ ಬೆಂಗಳೂರಿನಿಂದ ಹೋಗಿಬರಬಹುದಾದ ನಾಲ್ಕು ಜಾಗಗಳನ್ನು ಇದಕ್ಕೆಂದೇ ನೋಡಿ ಬಂದೆವು. ಮುಳ್ಳಯ್ಯನಗಿರಿಗೆ ಒಂದೇ ಸಲ, ಉಳಿದ ಮೂರಕ್ಕೂ ಎರಡೆರಡು ಸಲ: ಚಿತ್ತೆ ಮಳೆಯಲ್ಲೊಮ್ಮೆ, ವಿಶಾಖದಲ್ಲೊಮ್ಮೆ. ಆ ದಿನ ಅರಳಿದ್ದ ಹೂಗಳನ್ನೆಲ್ಲ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನೆಟ್ಟು ಬೆಳೆಸಿದ ಗಿಡ ಲೆಕ್ಕಕ್ಕಿಲ್ಲ. ಲಂಟಾನ, ಕಾಂಗ್ರೆಸ್ ಗಿಡ ಕೂಡ ಇಲ್ಲ. ಹಾಗಾಗಿ ಲಾಲ್‌ಬಾಗ್ ಮೊದಲೇ ಬಿಟ್ಟುಹೋಯಿತು. ನಂದಿಬೆಟ್ಟದ ಮೇಲೂ ಕಣ್ಣಿಗೆ ಬೀಳುವುದು ಬಹುಪಾಲು ತೋಟದ ಹೂಗಳೇ, ಭಾನುವಾರವಾದರೆ ವಾಹನಗಳ ಸಾಲು ಬೇರೆ. ಅದನ್ನೂ ಬಿಟ್ಟೆವು.

ಹತ್ತಿರದ್ದೇ ಮೊದಲು ಅಂತ ತುರಹಳ್ಳಿಯಿಂದ ಶುರು ಮಾಡಿದೆವು. ಹಸಿರು ಮಾರ್ಗದ ಮೆಟ್ರೊ 2021ರಿಂದ ಕನಕಪುರ ರಸ್ತೆಯಗುಂಟ ರೇಷ್ಮೆ ಸಂಸ್ಥೆಯವರೆಗೂ ಓಡುತ್ತಿರುವುದರಿಂದ ಕಾರಿಲ್ಲದವರಿಗೂ ಕಷ್ಟವಿಲ್ಲ, ಇಳಿದು ಆಟೊ ಹಿಡಿದರಾಯಿತು. ಊರು ಸುತ್ತಲೂ ಒತ್ತಿಕೊಂಡು ಬಂದಿದ್ದರೂ ಬಂಡೆ, ಕುರುಚಲು ಗಿಡ, ಕಾಲುಹಾದಿ ಇನ್ನೂ ಉಳಿದಿವೆ. ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ, 2021ರಲ್ಲಿ, ಸುತ್ತಲಿನ ಜನ ಬೀದಿಗಿಳಿದು ಬೇಡ ಎಂದಿದ್ದರು. ಅವರು ಹಾಗೆ ಹೇಳಿದ್ದು ಎಷ್ಟು ಸರಿ ಅನ್ನುವುದು ನನಗೆ ಅಕ್ಟೋಬರ್ ಬೆಳಗ್ಗೆ ಬಂಡೆಯ ಅಂಚಿನಲ್ಲಿ ಕೂತಾಗ ಅರ್ಥವಾಯಿತು. ಬೆರಳುದ್ದ ಮಣ್ಣಿರುವ ಬಂಡೆಯ ಸಂದಿಯಲ್ಲಿ ವಿಷ್ಣುಕ್ರಾಂತಿ ಹರಡಿಕೊಂಡಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ, ಅಚ್ಚ ನೀಲಿ ಹೂ. ಮರದ ನೆರಳು ಬಿದ್ದ ಕಡೆ ಅದರ ಸುಳಿವಿರಲಿಲ್ಲ. ಅದಕ್ಕೆ ಬಿಸಿಲು ಬೇಕು, ಅದೂ ಬೆಳಗಿನದು. ಎಂಟೂವರೆಗೆ ಪೂರ್ತಿ ಬಿಚ್ಚಿಕೊಂಡಿದ್ದವು ಹನ್ನೊಂದೂವರೆ ಹೊತ್ತಿಗೆ ಮುದುಡತೊಡಗಿದವು. ತಡವಾಗಿ ಎದ್ದು ಹೋಗುವವರಿಗೆ ತುರಹಳ್ಳಿಯ ಅರ್ಧ ಸೊಬಗು ಕಾಣುವುದೇ ಇಲ್ಲ.

ಅಲ್ಲಿ ಅಮ್ಮನಿಗೆ ಖುಷಿ ಕೊಟ್ಟದ್ದು ತಂಗಡಿ. ಶಿರಾ ಕಡೆಯ ಬಯಲಲ್ಲಿ ಬೆಳೆದವಳು ಅವಳು. "ಇದು ನಮ್ಮ ಹೊಲದ ಬದುವಿನ ಗಿಡ ಕಣೇ, ಇದನ್ನ ನೋಡೋಕೆ ಮೆಟ್ರೊ ಹತ್ತಿಸ್ಕೊಂಡು ಬಂದ್ಯಾ?" ಅಂದಳು, ಅಂದವಳೇ ಗಿಡದ ಪಕ್ಕದಿಂದ ಏಳಲಿಲ್ಲ. ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು ಅಂತ ಮೊಮ್ಮಗಳಿಗೆ ವಿವರಿಸುತ್ತ ಕೂತಳು. ತೆಲಂಗಾಣದವರ ರಾಜ್ಯ ಪುಷ್ಪ ಇದೇ, ಅವರು ಬತುಕಮ್ಮ ಹಬ್ಬದ ಹೂರಾಶಿ ಜೋಡಿಸುವುದೂ ಇದೇ ಹಳದಿ ಹೂವಿನಿಂದ ಅಂತ ನಾನು ಹೇಳಿದೆ. ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲವಲ್ಲ ಅಂತ ಅಮ್ಮನಿಗೆ ಬೇಜಾರಾಯಿತು.

ತುರಹಳ್ಳಿಯ ಕೊರತೆ ಎಂದರೆ ಬೇಗ ಒಣಗುವುದು. ಅಕ್ಟೋಬರದಲ್ಲಿ ಮಗಳ ಪಟ್ಟಿಯಲ್ಲಿ ಹತ್ತೊಂಬತ್ತು ಹೂಗಳಿದ್ದವು, ನವೆಂಬರದಲ್ಲಿ ಎಂಟೇ. ಬಂಡೆಯ ಮೇಲಿನ ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಎಷ್ಟಿದ್ದೀತು? ನೀಲಗಿರಿ ನೆಡುತೋಪಿನ ಕೆಳಗಂತೂ ಎರಡೂ ಸಲ ತರಗೆಲೆ ಬಿಟ್ಟರೆ ಏನೂ ಸಿಗಲಿಲ್ಲ. ಎರಡನೇ ಸಲ ನಮಗಾಗಿ ಉಳಿದಿದ್ದು ಮುಳ್ಳು ಗೋರಂಟೆಯ ಹಳದಿ, ತುಂಬೆ, ಮತ್ತೆ ನಮ್ಮ ಸೀರೆ, ಪ್ಯಾಂಟಿಗೆಲ್ಲ ಅಂಟಿಕೊಂಡು ಮನೆವರೆಗೂ ಬಂದ ಉತ್ತರಾಣಿ.

ದೇವರಾಯನದುರ್ಗಕ್ಕೆ ಅಮ್ಮನೇ ಹಟ ಹಿಡಿದು ಹೊರಟಳು, ನರಸಿಂಹಸ್ವಾಮಿ ದರ್ಶನವೂ ಆಗುತ್ತದೆಂದು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಬೆಟ್ಟದ ಕೆಳಗೆ ಭೋಗ ನರಸಿಂಹ, ತುದಿಯಲ್ಲಿ ಯೋಗ ನರಸಿಂಹ. ಮೇಲಿನ ಗುಡಿಯ ಮೆಟ್ಟಿಲ ದಾರಿಯಲ್ಲಿ ನೆರಳಿದೆ, ಕೂರಲು ಕಟ್ಟೆಗಳಿವೆ. ವಯಸ್ಸಾದವರನ್ನು ಕರೆದುಕೊಂಡು ಹೂ ನೋಡಲು ಹೋಗುವುದಾದರೆ ನಾಲ್ಕರಲ್ಲಿ ಇದಕ್ಕೇ ನನ್ನ ಮತ. ತುರಹಳ್ಳಿಯ ಬಂಡೆಯಲ್ಲಿ ಅಮ್ಮನ ಮಂಡಿಗೆ ಆದ ತ್ರಾಸು ಇಲ್ಲಿ ಆಗಲಿಲ್ಲ. ಹೂವಿನ ಬಗೆಯೂ ಬೇರೆಯೇ. ತೇವ ಆರದ ಬಂಡೆಯ ಮಗ್ಗುಲಲ್ಲಿ ಕಾಡು ಕರ್ಣಕುಂಡಲ ಅಕ್ಟೋಬರದಲ್ಲೂ ಅಲ್ಲಲ್ಲಿ ಗುಲಾಬಿ ಬಣ್ಣ ಉಳಿಸಿಕೊಂಡಿತ್ತು. ಹೂವಿಗಿಂತ ಅದರ ಕಾಯಿಯೇ ಮಗಳಿಗೆ ಇಷ್ಟವಾಯಿತು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ಸಿಡಿಯುತ್ತದೆ. ಮೂರು ಸಲ ಬೆಚ್ಚಿದಳು, ನಾಲ್ಕನೇ ಸಲ ತಾನೇ ಹುಡುಕಿಕೊಂಡು ಹೋಗಿ ಮುಟ್ಟಿದಳು. ಗೌರಿ ಹೂವಿನ ಬಳ್ಳಿಗಳಲ್ಲಿ ಹೂ ಮುಗಿದು ಕಾಯಿ ಕಟ್ಟಿತ್ತು. ಗಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷವಾದ್ದರಿಂದ ಅದನ್ನು ಮುಟ್ಟಲು ಬಿಡಲಿಲ್ಲ.

ಇಪ್ಪತ್ತನಾಲ್ಕು, ಆಮೇಲೆ ಹದಿನೈದು. ಇದು ದೇವರಾಯನದುರ್ಗದ ಲೆಕ್ಕ. ನೆರಳಿನಲ್ಲಿ ತೇವ ಹೆಚ್ಚು ದಿನ ನಿಲ್ಲುವುದರಿಂದ ತುರಹಳ್ಳಿಯಷ್ಟು ಬೇಗ ಬರಿದಾಗಲಿಲ್ಲ. ಆದರೆ ಮೆಟ್ಟಿಲ ಬದಿಯ ಗಿಡಗಳಿಗೆ ಜನ ತಿಂದೆಸೆದ ಪ್ಲಾಸ್ಟಿಕ್ ಸುತ್ತಿಕೊಂಡಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೈಯಲ್ಲಿ ತಿಂಡಿ ಚೀಲ ಹಿಡಿದು ನಡೆಯಬೇಡಿ, ಮಂಗಗಳು ಬಿಡುವುದಿಲ್ಲ. ನಾಮದ ಚಿಲುಮೆಯ ಹತ್ತಿರ ಬುತ್ತಿ ಬಿಚ್ಚಿದೆವು. ಬೇಸಿಗೆಯಲ್ಲೂ ಬತ್ತದ ಆ ಸಣ್ಣ ಒರತೆಯ ಮುಂದೆ ಅಮ್ಮ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ವಾಪಸು ಬರುವಾಗ ರಸ್ತೆಯ ಪಕ್ಕ ಹುಚ್ಚೆಳ್ಳಿನ ಹೊಲ ಹಳದಿಯಾಗಿತ್ತು. ಕಾಡು ಹೂವಲ್ಲ, ನಮ್ಮ ನಿಯಮದಂತೆ ಪಟ್ಟಿಗೂ ಸೇರದು. ಆದರೂ ಕಾರು ನಿಲ್ಲಿಸಿದೆವು. ದೀಪಾವಳಿಗೆ ಸಗಣಿ ಬೆನಕನ ನೆತ್ತಿಗೆ ಇದೇ ಹೂ ಚುಚ್ಚುತ್ತಿದ್ದೆವು ಎಂದು ಅಮ್ಮ ಹೊಲದಲ್ಲಿದ್ದ ಯಜಮಾನರನ್ನು ಕೇಳಿ ನಾಲ್ಕು ಹೂ ತಂದಳು.

ಮುಳ್ಳಯ್ಯನಗಿರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಅಲ್ಲಿನ ಹುಲ್ಲುಗಾವಲಿನ ಚೆಲುವಿನ ಮುಂದೆ ಉಳಿದ ಮೂರನ್ನೂ ಇಡಲಾಗದು, ಒಪ್ಪುತ್ತೇನೆ. 2022ರಲ್ಲಿ ಈ ಗಿರಿಸಾಲಿನಲ್ಲಿ ಕುರಿಂಜಿ, ಮಲೆನಾಡಿನ ಬಾಯಲ್ಲಿ ಗುರಿಗೆ, ರಾಶಿ ರಾಶಿ ಅರಳಿದಾಗ ರಾಜ್ಯವೆಲ್ಲ ಅಲ್ಲಿಗೆ ಹೊರಟಂತಿತ್ತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಈಗ ಹೋದರೆ ನಿರಾಸೆಯಾಗುತ್ತದೆ, ವರ್ಷಗಟ್ಟಲೆ ಕಾದು ಒಮ್ಮೆ ಅರಳುವ ಹೂ ಅದು. ನಮಗೆ ಸಿಕ್ಕಿದ್ದು ರಸ್ತೆಗೆಂದು ಕಡಿದ ಬಂಡೆಯಲ್ಲಿ ನೀರು ತೊಟ್ಟಿಕ್ಕುವ ಕಡೆ ಸಣ್ಣ ಕರ್ಣಕುಂಡಲದ ಜಾತಿಗಳು, ಹುಲ್ಲಿನ ನಡುವೆ ನೆಲದಿಂದೆದ್ದ ಗುಲಾಬಿ ಬಣ್ಣದ ಆರ್ಕಿಡ್, ತಗ್ಗಿನಲ್ಲಿ ನೆಕ್ಕರಿಕ. ಅಷ್ಟರಲ್ಲಿ ಮಂಜು ಇಳಿಯಿತು. ನಾವು ಮಾತಾಡಿಕೊಂಡಿದ್ದ ಬಾಡಿಗೆ ಜೀಪಿನವರು ಇಡೀ ಬೆಳಗ್ಗೆ ಅಂದವರು ಒಂದೂವರೆ ಗಂಟೆಯೊಳಗೇ ಹಾರ್ನ್ ಹೊಡೆದು ಕರೆದರು. ಹೂ ನೋಡುವವರಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇರಿಲ್ಲ. ಎರಡು ದಿನ, ಸುಮಾರು 250 ಕಿ.ಮೀ. ಒಂದು ದಿಕ್ಕಿಗೆ, ಕೈಗೆ ಸಿಕ್ಕಿದ್ದು ತೊಂಬತ್ತು ನಿಮಿಷ. ಚಿಕ್ಕಮಗಳೂರಿನವರಿಗೆ ಅದು ಅವರ ಹಿತ್ತಲು, ಸೆಪ್ಟೆಂಬರದಿಂದಲೇ ಹೋಗಲಿ. ಬೆಂಗಳೂರಿನಿಂದ ನವೆಂಬರದಲ್ಲಿ ಹೂವಿಗೆಂದೇ ಹೊರಡಲು ನಾನು ಹೇಳಲಾರೆ.

ಇನ್ನು ಹೆಸರಘಟ್ಟ. ಅರ್ಕಾವತಿಗೆ 1894ರಲ್ಲಿ ಕಟ್ಟಿದ ಕೆರೆ ಗೊತ್ತಿರುವವರು ಬಹಳ, ಅದರ ಪಕ್ಕದ ಹುಲ್ಲುಗಾವಲಿಗೆ ಹೂ ನೋಡಲು ಬಂದವರು ಕಡಿಮೆ. ಮೊದಲ ಸಲ ಕಾಲಿಟ್ಟಾಗ ಮಗಳ ಮುಖ ಸಪ್ಪಗಾಯಿತು. ಕಣ್ಣು ಹಾಯುವಷ್ಟು ದೂರ ಹುಲ್ಲು, ಕುರಿ ಮೇಯಿಸುವ ಒಬ್ಬರು, ಅಲ್ಲೊಂದು ಇಲ್ಲೊಂದು ಗಿಡ. "ಇಲ್ಲೇನೂ ಇಲ್ಲಮ್ಮಾ" ಅಂದಳು. ಕೂತ್ಕೋ ಅಂದೆ. ಕೂತಳು. ಮೊದಲ ಹದಿನೈದು ನಿಮಿಷದಲ್ಲಿ ಕೂತಲ್ಲಿಂದಲೇ ಒಂಬತ್ತು ಹೂ ಬರೆದಳು.

ಕೆರೆ ಕಡೆಯ ತೇವದ ತಗ್ಗಿನಲ್ಲಿ ಬಿಳಿ ಗುಂಡುಸೂಜಿಗಳನ್ನು ನೆಲಕ್ಕೆ ಚುಚ್ಚಿಟ್ಟಂತೆ ಎರಿಯೊಕಾಲಾನ್. ಅದರ ಬುಡದಲ್ಲಿ, ಒಂದು ರೂಪಾಯಿ ನಾಣ್ಯದಗಲದ ಕೆಂಪು ಚಕ್ರ: ಡ್ರೊಸೆರಾ. ಎಲೆಯ ಪ್ರತಿ ರೋಮದ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟು ಹನಿ. ಬಿಸಿಲೇರಿದರೂ ಆರದ ಇಬ್ಬನಿ ಅದು. ಅಲ್ಲಿನ ಮಣ್ಣಿನಲ್ಲಿ ಸಾರಜನಕ ಸಾಲದು, ಆ ಕೊರತೆಯನ್ನು ಈ ಗಿಡ ಸಣ್ಣ ನೊಣ, ಸೊಳ್ಳೆ ಹಿಡಿದು ತುಂಬಿಕೊಳ್ಳುತ್ತದೆ. ಅದರ ಇನ್ನೊಂದು ಬಳಗ, ಗೇಣುದ್ದ ನೆಟ್ಟಗೆ ನಿಲ್ಲುವ ಡ್ರೊಸೆರಾ ಇಂಡಿಕಾ, ಗುಲಾಬಿ ಹೂ ಬಿಟ್ಟಿತ್ತು. ಹೂವನ್ನು ಎಲೆಗಳಿಗಿಂತ ಮೇಲೆ ಎತ್ತಿ ಹಿಡಿಯುತ್ತದೆ, ಪರಾಗ ಹೊತ್ತು ತರುವ ಕೀಟ ಎಲೆಗೆ ಸಿಕ್ಕಿಬೀಳದಂತೆ. ಮಗಳು ಭೂತಗನ್ನಡಿ ಇಟ್ಟುಕೊಂಡು ನಲವತ್ತು ನಿಮಿಷ ಅಲುಗಾಡಲಿಲ್ಲ. ದಿಣ್ಣೆಯ ಒಣ ಕಡೆ ಸೊಪೂಬಿಯಾ, ನೂಲಿನಂಥ ಎಲೆ, ನಸುಗೆಂಪು ಗಂಟೆ ಹೂ. ನೋಡಲು ಸ್ವತಂತ್ರ ಗಿಡದಂತಿದ್ದರೂ ನೆಲದೊಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿಟ್ಟಿರುತ್ತದೆ. ಅಣ್ಣೆ ಹೂವಿನ ತೆನೆಗಳು, ಕೆನ್ನೀಲಿ ಸಯನೋಟಿಸ್, ಕಡಲೆ ಹೂವನ್ನು ಹೋಲುವ ಹಳದಿ ಕ್ರೊಟಲೇರಿಯಾ. ಅಕ್ಟೋಬರದಲ್ಲಿ ಮೂವತ್ತೊಂದು. ನವೆಂಬರದಲ್ಲಿ ಇಪ್ಪತ್ತೆರಡು, ಅಂದರೆ ತುರಹಳ್ಳಿ ಚಿತ್ತೆ ಮಳೆಯಲ್ಲಿ ಕೊಟ್ಟದ್ದಕ್ಕಿಂತಲೂ ಹೆಚ್ಚು.

ಇಲ್ಲಿ ಯಾಕೆ ಇಷ್ಟು ತಡವಾಗಿ ಅರಳುತ್ತವೆ? ಮಳೆಗಾಲವೆಲ್ಲ ಹುಲ್ಲಿನ ಜತೆ ಬೆಳೆಯುತ್ತ ಬಂದ ಈ ಗಿಡಗಳಲ್ಲಿ ಬಹಳಷ್ಟು ಒಂದೇ ವರ್ಷ ಬಾಳುವವು. ಮೋಡ ಸರಿದು ಜೇನು, ಚಿಟ್ಟೆ ಹಾರಾಡಲು ಶುರುವಾದ ಮೇಲೆ, ನೆಲ ಪೂರ್ತಿ ಒಣಗುವುದಕ್ಕೆ ಮೊದಲು, ಹೂವಾಗಿ ಬೀಜವಾಗಿ ಮುಗಿಸಬೇಕು. ಅದಕ್ಕೆ ಬೇಕಾದದ್ದು ತೆರೆದ ಬಿಸಿಲು, ಮೇಯುವ ದನ ಕುರಿಗಳಿಂದ ಗಿಡ್ಡವಾಗಿಯೇ ಉಳಿದ ಹುಲ್ಲು. ಒಳ್ಳೆಯ ಮನಸ್ಸಿನಿಂದಲೇ ಬಂದು ಇಂಥ "ಖಾಲಿ ಜಾಗ"ದಲ್ಲಿ ಸಾಲುಗಟ್ಟಿ ಸಸಿ ನೆಟ್ಟು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹತ್ತು ವರ್ಷದಲ್ಲಿ ನೆರಳು ಬೀಳುತ್ತದೆ, ಡ್ರೊಸೆರಾ ಹೋಗುತ್ತದೆ. ಚಳಿಗಾಲಕ್ಕೆ ದೂರದೇಶದಿಂದ ಬಂದು ಹುಲ್ಲಿನಲ್ಲೇ ರಾತ್ರಿ ಕಳೆಯುವ ಸೆಳೆವ (ಹ್ಯಾರಿಯರ್) ಹದ್ದುಗಳಿಗೂ ಜಾಗವಿಲ್ಲ. ಇಲ್ಲಿನ ಸುಮಾರು ಐದು ಸಾವಿರ ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. 2024ರಲ್ಲಿ ಅದೇ ಮಂಡಳಿ ಒಪ್ಪಿಗೆ ಕೊಟ್ಟ ಸುದ್ದಿ ಓದಿದ ದಿನ ನಾನು ಮಗಳ ಶಾಲೆಯ ಗೇಟಿನ ಮುಂದೆಯೇ ನಿಂತು ಅಮ್ಮನಿಗೆ ಫೋನು ಮಾಡಿದ್ದೆ.

ಹೆಸರಘಟ್ಟದ ತೊಂದರೆಗಳನ್ನೂ ಹೇಳಬೇಕು. ನೆರಳಿಲ್ಲ, ಹತ್ತೂವರೆ ಮೇಲೆ ಅಮ್ಮ ಛತ್ರಿ ಬಿಡಿಸಿಕೊಂಡು ಕೂರಬೇಕಾಯಿತು. ಶೌಚಾಲಯ ಹತ್ತಿರವಿಲ್ಲ, ನೀರು ನಾವೇ ಒಯ್ಯಬೇಕು. ನವೆಂಬರದಲ್ಲಿ ಕರಡ ಹುಲ್ಲಿನ ಬೀಜ ಬಲಿತು ಭರ್ಜಿಯ ಹಾಗೆ ಕಾಲುಚೀಲಕ್ಕೆ ನಾಟುತ್ತದೆ. ಅದರ ಬಾಲ ತೇವಕ್ಕೆ ಒಂದು ಕಡೆ, ಬಿಸಿಲಿಗೆ ಇನ್ನೊಂದು ಕಡೆ ತಿರುಚಿಕೊಳ್ಳುತ್ತ ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸುತ್ತದೆ, ನಮ್ಮ ಬಟ್ಟೆಯಲ್ಲೂ ಹಾಗೇ ಒಳಗೆ ಒಳಗೆ ಹೋಗುತ್ತದೆ. ದಪ್ಪ ಪ್ಯಾಂಟು, ಮುಚ್ಚಿದ ಬೂಟು ಇಲ್ಲದೆ ಹೋಗಬೇಡಿ. ಎಲ್ಲಕ್ಕಿಂತ ನೋವು ಕೊಟ್ಟದ್ದು ಚಕ್ರದ ಗುರುತುಗಳು. ಫೋಟೊಕ್ಕೆಂದು ಹುಲ್ಲಿನ ನಡುವೆಯೇ ಕಾರು ಓಡಿಸುತ್ತಾರೆ. ಮೊದಲ ಸಲ ನಾವು ಕೂತಿದ್ದ ಎರಿಯೊಕಾಲಾನ್ ತಗ್ಗಿನ ಮೇಲೆ ನವೆಂಬರದಲ್ಲಿ ಎರಡು ಸಾಲು ಕೆಸರು ಗಟ್ಟಿಯಾಗಿ ಒಣಗಿತ್ತು. ವಾಹನ ರಸ್ತೆಯಲ್ಲೇ ಬಿಟ್ಟು ನಡೆಯಿರಿ, ಇರುವ ಕಾಲುಹಾದಿಯಲ್ಲೇ ನಡೆಯಿರಿ.

ಈ ವರ್ಷವೂ ಚಿತ್ತೆ ಮಳೆ ಹಿಡಿದುಕೊಂಡಿದೆ. ಒಂದೇ ಬೆಳಗು ಬಿಡುವಿದ್ದು, ಮಕ್ಕಳು ಹನ್ನೆರಡಕ್ಕೆ ಮನೆ ಸೇರಬೇಕಾದವರು ಇದೇ ವಾರ ತುರಹಳ್ಳಿಗೆ ಹೋಗಿ, ಎಂಟು ಗಂಟೆಗೆ ಅಲ್ಲಿರಿ. ನಾವು ಸ್ವಾತಿಗೆ ಅಮ್ಮನ ಜತೆ ದೇವರಾಯನದುರ್ಗ ಮುಗಿಸುತ್ತೇವೆ. ನವೆಂಬರದ ಎರಡನೇ ಭಾನುವಾರ ಹೆಸರಘಟ್ಟಕ್ಕೆ ಅಂತ ಮಗಳು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿಟ್ಟಿದ್ದಾಳೆ. ಚಕ್ರ ಹರಿದ ಆ ತಗ್ಗಿನಲ್ಲಿ ಬೀಜ ಉಳಿದು ಮತ್ತೆ ಮೊಳೆತಿದೆಯೇ ಅಂತ ಮೊದಲು ನೋಡಬೇಕಂತೆ.