ಜಿಮೇಲ್‌ನ ಹೊಸ ನಿಯಮಗಳು: ಪತ್ರ ಕಳುಹಿಸುವವರ ಕಡೆಯಿಂದ ಒಂದು ವಿಮರ್ಶೆ

ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಪುಡಿಯ ಅಂಗಡಿ. ಹೊರ ಊರಿನ ಹೋಟೆಲುಗಳಿಗೂ ಮನೆಗಳಿಗೂ ವಾರಕ್ಕೊಮ್ಮೆ ದರಪಟ್ಟಿ ಹೋಗುವುದು ಇಮೇಲಿನಲ್ಲೇ. ಸ್ಪ್ಯಾಮ್ ತಡೆಯಲೆಂದು ಜಿಮೇಲ್ 2024ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮಗಳು ನಮ್ಮಂಥವರಿಗೆ ಹೇಗೆ ಒದಗಿವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಇಮೇಲ್ ಸಾಗಿಸುವ ಎಸ್‌ಎಮ್‌ಟಿಪಿ ಪದ್ಧತಿ 1982ರದು. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಯಾರ ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದಾಗಿದ್ದಂತೆ, ಇದರಲ್ಲಿಯೂ ಕಳುಹಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಮೊದಲಿಗೆ ಇರಲಿಲ್ಲ. ಅದರ ಬಿಸಿ ನಮಗೂ ತಟ್ಟಿದೆ. ಒಮ್ಮೆ ನಮ್ಮ ವಿಳಾಸದಿಂದಲೇ ಬಂದಂತೆ ಕಾಣುವ ಪತ್ರವೊಂದು ಹಳೆಯ ಗಿರಾಕಿಯೊಬ್ಬರಿಗೆ ತಲುಪಿತ್ತು. ಅಂಗಡಿಯ ಲಾಂಛನ, ಪೀಬೆರಿಯ ದರ, ಕೆಳಗೆ ನನ್ನ ಹೆಸರು ಎಲ್ಲವೂ ಸರಿಯಾಗಿದ್ದು, ಬ್ಯಾಂಕ್ ಖಾತೆಯ ಸಂಖ್ಯೆಯೊಂದೇ ಬೇರೆಯಾಗಿತ್ತು. "ಖಾತೆ ಬದಲಾಯಿಸಿದ್ದೀರಾ ಸ್ವಾಮಿ?" ಎಂದು ಅವರು ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು.

ಈಗ ಪತ್ರ ಕಳುಹಿಸುವ ಪ್ರತಿಯೊಬ್ಬರೂ ತಮ್ಮ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದೆಂದು ತಿಳಿಸುವ ಎಸ್‌ಪಿಎಫ್ ಪಟ್ಟಿಯನ್ನಾಗಲಿ, ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಮ್ ಅನ್ನಾಗಲಿ ಇಟ್ಟುಕೊಂಡಿರಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಇವೆರಡರ ಜೊತೆಗೆ, ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್ ಕೂಡ ಕಡ್ಡಾಯ. ಅವರ ಪ್ರಚಾರ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಗುಂಡಿಯೂ ಇರಬೇಕು. ಹಿಂದೆ ಕಸ ಗುಡಿಸುವ ಕೆಲಸವೆಲ್ಲ ಪತ್ರ ಪಡೆದವರ ಪಾಲಿಗಿತ್ತು, ಈಗ ಹೊಣೆ ಕಳುಹಿಸುವವರ ಹೆಗಲಿಗೆ ಬಂದಿದೆ. ನನಗೆ ಬಹಳ ಮೆಚ್ಚುಗೆಯಾದದ್ದು ಇದೇ.

ಆದರೆ ನಮ್ಮ ಇಮೇಲ್ ಸೇವೆ ನೋಡಿಕೊಳ್ಳುವ ಸಂಸ್ಥೆಯವರು ಡಿಕೆಐಎಮ್ ಸಹಿಯನ್ನು ಪರೀಕ್ಷಿಸಲು ಬೇಕಾದ ಉದ್ದನೆಯ ಅಕ್ಷರಸಾಲಿನ ಕೊನೆಯ ತುಂಡನ್ನು ಬಿಟ್ಟು ನಕಲು ಮಾಡಿದ್ದರಿಂದ, ಹಣ್ಣು ಕೊಯ್ಲಿನ ಭರಾಟೆಯಲ್ಲೇ ಎರಡು ವಾರ ದರಪಟ್ಟಿಗಳು ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದವು. "ಎಲ್ಲ ಸರಿಯಿದೆ" ಎಂದೇ ಅವರು ಹೇಳುತ್ತಿದ್ದರು. ಕೊನೆಗೆ ನಮ್ಮದೇ ಪತ್ರವನ್ನು ತೆರೆದು, 'ಶೋ ಒರಿಜಿನಲ್' ಒತ್ತಿದಾಗ ಡಿಕೆಐಎಮ್ ಎದುರು 'ಫೇಲ್' ಎಂದು ಕಂಡಿತು. ಈ ಸೌಲಭ್ಯವನ್ನು ಪ್ರತಿ ವ್ಯಾಪಾರಿಯೂ ತಿಳಿದಿರಬೇಕು.

ನನ್ನ ಆಕ್ಷೇಪ ಎರಡು. ಡಿಮಾರ್ಕ್‌ನಲ್ಲಿ 'ನನ್' (none, ಅಂದರೆ ಏನೂ ಮಾಡಬೇಡಿ) ಎಂದು ಬರೆದರೂ ನಿಯಮ ಪಾಲಿಸಿದಂತಾಗುತ್ತದೆ. ಹಾಗೆ ಬರೆದರೆ ನಕಲಿ ಪತ್ರವನ್ನು ತಡೆಯಿರಿ ಎಂದು ಕೇಳಿದಂತಾಗುವುದಿಲ್ಲವಾದ್ದರಿಂದ ನಾವು 'ರಿಜೆಕ್ಟ್' ಎಂದು ಬರೆಸಿದ್ದೇವೆ. ಇನ್ನು ಸ್ಪ್ಯಾಮ್ ದೂರುಗಳು 0.3 ಶೇಕಡಾ ಮುಟ್ಟಬಾರದೆಂಬ ಮಿತಿ ದೊಡ್ಡ ಕಂಪನಿಗಳಿಗೆ ಸರಿ, ಒಂದು ದಿನಕ್ಕೆ 300 ಪತ್ರ ಕಳುಹಿಸುವ ಅಂಗಡಿಗೆ ಒಂದೇ ಒಂದು ದೂರು ಬಂದರೂ ಲೆಕ್ಕ ಅದನ್ನು ದಾಟುತ್ತದೆ. ಹಾಗಾಗಿ ವರ್ಷದಿಂದ ಪುಡಿ ತರಿಸದವರ ಹೆಸರುಗಳನ್ನು ನಾನೇ ಪಟ್ಟಿಯಿಂದ ತೆಗೆದಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.