ವಿಲಿಯಮ್ಸ್ ಮೊದಲೋ, ಬಿಲಿಂಗ್ಸ್‌ಲಿ ಮೊದಲೋ?

ಬೆಂಗಳೂರಿನ ಐಐಎಸ್‌ಸಿಗೋ ಮೈಸೂರು ರಸ್ತೆಯ ಐಎಸ್‌ಐಗೋ (ಭಾರತೀಯ ಸಾಂಖ್ಯಿಕ ಸಂಸ್ಥೆ) ಸೇರಿ ಸಂಶೋಧನೆ ಮಾಡುವ ಆಸೆಯಿರುವವರು ಮೆಷರ್ ಥಿಯರಿಯ (ಗಣಗಳ ಗಾತ್ರವನ್ನು ಅಳೆಯುವ ಗಣಿತ) ಮೂಲಕ ಸಂಭವನೀಯತೆಯನ್ನು ಕಲಿಯಲು ಹೊರಟರೆ, ಈ ಇಬ್ಬರ ಪಠ್ಯಪುಸ್ತಕಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಡೇವಿಡ್ ವಿಲಿಯಮ್ಸ್ ಅವರ ಪುಸ್ತಕ (‘ಪ್ರಾಬಬಿಲಿಟಿ ವಿತ್ ಮಾರ್ಟಿಂಗೇಲ್ಸ್’, 1991) ತೆಳ್ಳಗಿದೆ. ಮೆಟ್ರೊದಲ್ಲಿ ನಿಂತುಕೊಂಡೇ ಓದಬಹುದು. ಮೆಷರ್ ಥಿಯರಿಯ ಕಠಿಣ ಪ್ರೂಫ್‌ಗಳನ್ನು ಅನುಬಂಧಕ್ಕೆ ತಳ್ಳಿ, ಮಾರ್ಟಿಂಗೇಲ್‌ಗಳತ್ತ (ಸರಾಸರಿಯಲ್ಲಿ ಲಾಭವೂ ನಷ್ಟವೂ ಇಲ್ಲದ ಆಟದಂಥ ಪ್ರಕ್ರಿಯೆಗಳು) ಬೇಗ ಕರೆದೊಯ್ಯುತ್ತದೆ. ಕಂಡಿಷನಲ್ ಎಕ್ಸ್‌ಪೆಕ್ಟೇಷನ್ (ಗೊತ್ತಿರುವ ಮಾಹಿತಿಯನ್ನು ಆಧರಿಸಿದ ಸರಾಸರಿ) ಎಂದರೆ ವರ್ಗದೋಷ ಕನಿಷ್ಠವಾಗುವ ಅಂದಾಜು, ಅಂದರೆ ಲಂಬ ಪ್ರಕ್ಷೇಪ ಎಂಬುದನ್ನು ಅದು ಎಷ್ಟು ಚೊಕ್ಕವಾಗಿ ತೋರಿಸುತ್ತದೆಂದರೆ, ಆ ಕೆಲವು ಪುಟಗಳಿಗೇ ಪುಸ್ತಕದ ಬೆಲೆ ಕೊಡಬಹುದು. ಆದರೆ ಮಾತು ಬಿಗಿ. ಲೆಬೆಗ್ ಇಂಟಿಗ್ರಲ್ (ಮೆಷರ್ ಆಧರಿಸಿದ ಅನುಕಲನ) ಮೊದಲೇ ಗೊತ್ತಿಲ್ಲದವರು ಉಸಿರುಗಟ್ಟುತ್ತಾರೆ. ಬ್ರೌನಿಯನ್ ಚಲನೆಯನ್ನು (ಎಡೆಬಿಡದ ಯಾದೃಚ್ಛಿಕ ಓಲಾಟದ ಗಣಿತ ಮಾದರಿ) ಬೇರೆಡೆ ಕಲಿಯಬೇಕು.

ಪ್ಯಾಟ್ರಿಕ್ ಬಿಲಿಂಗ್ಸ್‌ಲಿ ಅವರ ಪುಸ್ತಕ (‘ಪ್ರಾಬಬಿಲಿಟಿ ಅಂಡ್ ಮೆಷರ್’, ಮೊದಲ ಮುದ್ರಣ 1979) ದಪ್ಪ, ನಿಧಾನಿ. ಸೊನ್ನೆ ಮತ್ತು ಒಂದರ ನಡುವೆ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿದರೆ ಅದರ ಬೈನರಿ ಅಂಕಿಗಳು ನಾಣ್ಯ ಚಿಮ್ಮಿದಂತೆಯೇ ವರ್ತಿಸುತ್ತವೆ. ಬಹುತೇಕ ಎಲ್ಲ ಸಂಖ್ಯೆಗಳಲ್ಲೂ ಸೊನ್ನೆ, ಒಂದುಗಳ ಪಾಲು ಸರಿಸಮ ಎಂಬ ಬೊರೆಲ್‌ನ ಪ್ರಮೇಯದಿಂದಲೇ ಪುಸ್ತಕ ಆರಂಭ. ‘ಬಹುತೇಕ’ ಎಂದರೇನು ಎಂದು ಕೇಳಿದಾಗ ಮೆಷರ್ ತಾನಾಗಿಯೇ ಬೇಕಾಗುತ್ತದೆ. ಕಂಡಿಷನಲ್ ಎಕ್ಸ್‌ಪೆಕ್ಟೇಷನ್ ಮಾತ್ರ ತೀರ ಕೊನೆಯ ಭಾಗದಲ್ಲಿ ಬರುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು.

ಕಚೇರಿ ಮುಗಿಸಿ ಬಂದು ಒಬ್ಬರೇ ಕುಳಿತು ಓದುವವರಿಗೆ ನಾನು ಬಿಲಿಂಗ್ಸ್‌ಲಿಯನ್ನೇ ಹೇಳುತ್ತೇನೆ. ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ತಾರ್ಕಿಕ ತಳಹದಿ) ಗಟ್ಟಿಯಿದ್ದು, ಸಂದೇಹ ಕೇಳಲು ಅಧ್ಯಾಪಕರೂ ಇದ್ದರೆ ವಿಲಿಯಮ್ಸ್ ಸಾಕು. ಅದರ ಕೊನೆಯಲ್ಲಿರುವ ಅಭ್ಯಾಸದ ಲೆಕ್ಕಗಳನ್ನು ಬಿಡಬೇಡಿ.